ಶನಿವಾರವಲ್ಲದ ದಿನ ನಿಂತ ಗಾಣ

ಹೊಳೆಯ ದಂಡೆಯಲ್ಲಿ ಯೆಹೂದಿಗಳ ಒಂದು ಕೇರಿ. ಎಲ್ಲರದೂ ಎಣ್ಣೆಯ ಕಸುಬು. ಶನಿವಾರ ಅವರ ದೇವರು ಹೇಳಿದ ವಿಶ್ರಾಂತಿಯ ದಿನ. ಅವತ್ತು ಗಾಣ ತಿರುಗುವುದಿಲ್ಲ, ಒಲೆ ಉರಿಯುವುದಿಲ್ಲ, ಎತ್ತಿಗೂ ರಜೆ. ಬಾಯಿಗೆ ಮಾತ್ರ ರಜೆ ಇಲ್ಲ.

ಆ ಕೇರಿಯ ಗುರುಗಳು ಎಲೋಜಿ. ಹಬ್ಬ ಯಾವತ್ತು, ಉಪವಾಸ ಯಾವತ್ತು, ಸಾವಿನ ಮನೆಯಲ್ಲಿ ಏನು ಮಾಡಬೇಕು ಎಂದು ಹೇಳುವವರು ಅವರೇ. ಮಾತು ಕಡಿಮೆ.

ಅವರು ಉಳಿಸಿದ ಮಾತನ್ನೆಲ್ಲ ಶಿಷ್ಯ ಬಿನ್ಯಾಮೀನ ಆಡಿ ಮುಗಿಸುತ್ತಿದ್ದ. ಮೀಸೆ ಇನ್ನೂ ಸರಿಯಾಗಿ ಕೂತಿರಲಿಲ್ಲ, ಕಟ್ಟಳೆ ಮಾತ್ರ ಅಷ್ಟೂ ಬಾಯಿಪಾಠ. ಯಾರಾದರೂ ಬಂದು ಏನಾದರೂ ಕೇಳಲಿ ಎಂದು ಜಗಲಿಯ ಮೇಲೆ ಕಾದು ಕೂತಿರುತ್ತಿದ್ದ.

ಕೇರಿಯ ದೊಡ್ಡ ಗಾಣ ಹಸಾಜಿಯದು. ಮೂಗೂ ದೊಡ್ಡದು, ಅದರ ತುದಿಯಲ್ಲಿ ಸದಾ ಸಿಟ್ಟು. ಅವನ ಒಬ್ಬಳೇ ಮಗಳು ಮಿಲ್ಕಾ, ದೋಣಿಯ ಸುಕ್ರನ ಜೊತೆ ಹೋದಳು. ಬೇರೆ ಜನದವನು, ಬೇರೆ ದೇವರು, ಮೈಯೆಲ್ಲ ಮೀನಿನ ವಾಸನೆ. ಕದ್ದುಮುಚ್ಚಿ ಹೋದಳೇ? ಅದೂ ಇಲ್ಲ. ಹಾಡಹಗಲು, ತಲೆಗೆ ಎಣ್ಣೆ ಹಾಕಿ ಬಾಚಿಕೊಂಡು, ಕೇರಿಯ ಅಷ್ಟೂ ಹೆಂಗಸರು ನೋಡುತ್ತಿದ್ದ ಹಾಗೆಯೇ ದೋಣಿ ಹತ್ತಿದಳು. ಅಂಥದ್ದು ನೋಡಲು ಪುಣ್ಯ ಬೇಕು ಬಿಡಿ.

ಹಸಾಜಿ ಏನು ಮಾಡಿದ? ಅಂಗಿ ಹರಿದುಕೊಂಡು ನೆಲದ ಮೇಲೆ ಕೂತ.

ಅವರಲ್ಲಿ ಮಕ್ಕಳು ಸತ್ತರೆ ಹೆತ್ತವರು ಎದೆಯ ಮೇಲಿನ ಬಟ್ಟೆ ಹರಿದು ಏಳು ದಿನ ನೆಲದಲ್ಲಿ ಕೂರಬೇಕು. ಇವನು ಬದುಕಿದ್ದ ಮಗಳಿಗೆ ಏಳು ದಿನ ಕೂತ. ಉಸಿರಾಡುತ್ತಿದ್ದವಳಿಗೆ ಎಳ್ಳುನೀರು ಬಿಟ್ಟ ಹಾಗೆ. ಹೆಂಡತಿ ಕೆತೂರಾಬಾಯಿಯ ರವಿಕೆಯನ್ನೂ ಹರಿಸಿ ಪಕ್ಕದಲ್ಲಿ ಕೂರಿಸಿದ.

ಕೇರಿಗೆ ಕೇರಿಯೇ ಹೋಯಿತು. ಸಾವಿನ ಮನೆಗೆ ಹೋದವರು, ದುಃಖದವರು ತಾವಾಗಿ ಬಾಯಿ ಬಿಡುವ ತನಕ ಮಾತಾಡಬಾರದು. ಅದು ಅವರ ಕಟ್ಟಳೆ. ಅವತ್ತು ಅದನ್ನು ಯಾರು ನೆನಪಿಟ್ಟರು? ಹೊಸ್ತಿಲು ದಾಟುವ ಮೊದಲೇ ಶುರು.

"ನಾನು ಆವಾಗಲೇ ಹೇಳಿರಲಿಲ್ಲವೇ?"

"ಅವಳು ದೋಣಿಕಟ್ಟೆಗೆ ನೀರಿಗೆ ಹೋಗುವಾಗಲೇ ನನಗೆ ಗೊತ್ತಿತ್ತು."

ದುಃಖದವರಿಗೆಂದು ಬೇಯಿಸಿದ ಮೊಟ್ಟೆ ತಂದವರು ತಾವೇ ತಿಂದರು. ಉಳಿದ ಕಥೆ ಕೇಳಲು ಮರುದಿನವೂ ಬಂದರು.

ಗುರುಗಳು ಬಾಗಿಲ ತನಕ ಬಂದರು. ನಿಂತರು. ಏನೂ ಹೇಳದೆ ಹೋದರು.

ಕೆತೂರಾಬಾಯಿ ಏಳು ದಿನವೂ ಒಂದು ಹನಿ ಅಳಲಿಲ್ಲ.

"ಕಲ್ಲು," ಅಂದರು ಹೆಂಗಸರು.

ಮೂರು ವರ್ಷ ಕಳೆಯಿತು.

ಅವರ ಹೊಸ ವರ್ಷ ಬರುವುದು ಮಳೆಗಾಲ ಮುಗಿಯುವ ಹೊತ್ತಿಗೆ. ಆ ದಿನ ಸಂಜೆ ಎಲ್ಲರೂ ಹೊಳೆಗೆ ಹೋಗಿ, ಗಂಡಸರು ಅಂಗಿಯ ಅಂಚನ್ನು, ಹೆಂಗಸರು ಸೆರಗಿನ ಅಂಚನ್ನು ನೀರಿನ ಮೇಲೆ ಝಾಡಿಸುತ್ತಾರೆ. ವರ್ಷದ ಪಾಪವೆಲ್ಲ ನೀರಿಗೆ. ಕೆಲವರು ಝಾಡಿಸುವುದು ನೋಡಿದರೆ ಸೆರಗೇ ಕಿತ್ತು ಬರಬೇಕು, ಅಷ್ಟು ದಾಸ್ತಾನು.

ಹಾಗೆ ಝಾಡಿಸುತ್ತಿರುವಾಗ ಸುಕ್ರನ ದೋಣಿ ಬಂತು. ಅವನೊಬ್ಬನೇ ಇದ್ದ.

ಝಾಡಿಸುವ ಕೈಗಳು ಅಲ್ಲಲ್ಲೇ ನಿಂತವು.

ಸುಕ್ರ ಮೊಣಕಾಲು ನೀರಿನಲ್ಲಿ ಇಳಿದು ನಿಂತ. ದಂಡೆಗೆ ಬರಲಿಲ್ಲ.

"ಅಮ್ಮಾ," ಅಂದ ಕೆತೂರಾಬಾಯಿಗೆ. "ಮಿಲ್ಕಾ ಹೋದಳು. ಆಷಾಢದ ದೊಡ್ಡ ಮಳೆಯಲ್ಲಿ ಜ್ವರ ಬಂತು, ಇಳಿಯಲಿಲ್ಲ. ಹೊಳೆ ಸಮುದ್ರ ಸೇರುವ ಅಳಿವೆ ದಾಟಿ ಬಂದು ಹೇಳೋಣ ಅಂದರೆ ಸಮುದ್ರ ಬಿಡಲಿಲ್ಲ. ಈಗ ಬಂದೆ."

ನೆರೆಮನೆಯ ಸಿಂಹಾಬಾಯಿಗೆ ತಡೆಯಲಾಗಲಿಲ್ಲ. "ಸುಟ್ಟೆಯೇನೋ?"

"ಇಲ್ಲ ತಾಯಿ. ಹೂಳಬೇಕು ಅಂದಿದ್ದಳು. ಬಿಳಿ ಬಟ್ಟೆ ಸುತ್ತಿ ಹೂಳಿದೆ." ಸುಕ್ರ ಮುಖ ಒರೆಸಿಕೊಂಡ. "ಮೂರು ವರ್ಷವೂ ಶನಿವಾರ ಒಲೆ ಹಚ್ಚಲಿಲ್ಲ ಅವಳು. ನನ್ನ ಅವ್ವ ಬೈದು ಬೈದು ಸೋತಳು. ಆಮೇಲೆ ಅವ್ವನೇ ಶುಕ್ರವಾರ ಅನ್ನ ಮಾಡಿಡಲು ಶುರು ಮಾಡಿದಳು."

ಎಲ್ಲರೂ ಹಸಾಜಿಯನ್ನು ನೋಡಿದರು.

"ನನ್ನ ಮಗಳು ಸತ್ತು ಮೂರು ವರ್ಷವಾಯಿತು," ಅಂದ ಹಸಾಜಿ. ಮತ್ತೆ ಅಂಗಿಯ ಅಂಚು ಹಿಡಿದು ಝಾಡಿಸತೊಡಗಿದ. ನೀರು ಸುಕ್ರನ ಮುಖಕ್ಕೆ ಸಿಡಿಯಿತು.

ಹಬ್ಬ ಎರಡು ದಿನ. ಹಬ್ಬದಲ್ಲಿ ದುಃಖಕ್ಕೆ ಕೂರುವಂತಿಲ್ಲ. ಮೂರನೆಯ ದಿನ ಬೆಳಿಗ್ಗೆ ಕೆತೂರಾಬಾಯಿ ಗುರುಗಳ ಮನೆಗೆ ಹೋದಳು. ಗುರುಗಳು ಪ್ರಾರ್ಥನೆಗೆ ಹೋಗಿದ್ದರು. ಜಗಲಿಯ ಮೇಲೆ ಬಿನ್ಯಾಮೀನ ಇದ್ದ.

"ಗುರುಗಳಿಲ್ಲವೇನಪ್ಪಾ?"

"ಇಲ್ಲ ಕಾಕಿ. ನನ್ನನ್ನೇ ಕೇಳಿ."

"ಮಗಳಿಗೆ ಕೂರಬೇಕಿತ್ತು. ಕೂರಬಹುದೇ?"

ಬಿನ್ಯಾಮೀನ ನೆಟ್ಟಗೆ ಕೂತ. "ಸಾವಿನ ಸುದ್ದಿ ತಿಂಗಳು ಕಳೆದ ಮೇಲೆ ಬಂದರೆ ಏಳು ದಿನ ಇಲ್ಲ ಕಾಕಿ. ಒಂದು ತಾಸು ಕೂತರೆ ಆಯಿತು. ಬಟ್ಟೆ ಹರಿಯುವುದೂ ಇಲ್ಲ."

"ಒಂದು ತಾಸು ಸಾಕು."

"ಆದರೆ ನಿಮಗೆ ಅದೂ ಬರುವುದಿಲ್ಲ. ನೀವು ಆವಾಗಲೇ ಏಳು ದಿನ ಕೂತಿದ್ದೀರಿ. ಒಬ್ಬಳಿಗೆ ಎರಡು ಸಲ ಕೂರುವ ಕಟ್ಟಳೆ ಇಲ್ಲ."

"ಹೌದೇ?" ಅಂದಳು ಕೆತೂರಾಬಾಯಿ. ಸೆರಗು ಸರಿಮಾಡಿಕೊಂಡಳು. ಆಮೇಲೆ ಹೋದಳು.

ಗುರುಗಳು ಬಂದ ಕೂಡಲೇ ಬಿನ್ಯಾಮೀನ ಎಲ್ಲವನ್ನೂ ಒಪ್ಪಿಸಿದ. ಹೊಗಳುತ್ತಾರೆ ಎಂದುಕೊಂಡಿದ್ದ.

"ತಡವಾದ ಸುದ್ದಿಗೆ ಒಂದು ತಾಸು. ಅದು ಸರಿ," ಅಂದರು ಗುರುಗಳು. "ಆವಾಗ ಏಳು ದಿನ ಕೂತದ್ದು ಯಾರಿಗೆ?"

"ಮಿಲ್ಕಾಗೆ."

"ಅವಳು ಆವಾಗ ಎಲ್ಲಿದ್ದಳು?"

"ಅಳಿವೆಯ ಆಚೆ. ಸುಕ್ರನ ಮನೆಯಲ್ಲಿ."

"ಏನು ಮಾಡುತ್ತಿದ್ದಳು?"

"ನನಗೇನು ಗೊತ್ತು ಗುರುಗಳೇ? ಅಡುಗೆ ಮಾಡುತ್ತಿದ್ದಳೋ ಏನೋ."

ಗುರುಗಳು ಚಪ್ಪಲಿ ಬಿಟ್ಟರು. ದುಃಖಕ್ಕೆ ಕೂರುವವರು ಚರ್ಮ ಮೆಟ್ಟುವುದಿಲ್ಲ.

"ನಡಿ," ಅಂದರು.

ಗುರುಗಳು ಬರಿಗಾಲಲ್ಲಿ ನಡೆದರೆ ಕೇರಿ ಸುಮ್ಮನಿರುತ್ತದೆಯೇ? ಕಿಟಕಿಗೊಂದು ಮುಖ, ಬಾಗಿಲಿಗೆ ಎರಡು. ಸಿಂಹಾಬಾಯಿ ಅಂಗಳಕ್ಕೇ ಬಂದಳು.

"ಗುರುಗಳೇ, ಚಪ್ಪಲಿ ಯಾರಾದರೂ ಹೊತ್ತುಕೊಂಡು ಹೋದರೇ?"

"ಇಲ್ಲ ಸಿಂಹಾ. ಬಿಡುವುದು ತಡವಾಯಿತು, ಅಷ್ಟೇ."

ಹಸಾಜಿಯ ಅಂಗಳದಲ್ಲಿ ಗಾಣ ತಿರುಗುತ್ತಿತ್ತು. ಹಬ್ಬದ ಎರಡು ದಿನದ ಕೆಲಸ ಬಾಕಿ. ಎತ್ತಿನ ಹಿಂದೆ ಹಸಾಜಿ.

"ಬನ್ನಿ ಬನ್ನಿ. ದೀಪಕ್ಕೆ ಎಣ್ಣೆ ಬೇಕಿತ್ತೇ?"

ಗುರುಗಳು ಒಳಗೆ ಹೋಗಿ ನೆಲದ ಮೇಲೆ ಕೂತರು. ಶಿಷ್ಯನೂ ಕೂತ.

ಹಸಾಜಿ ಬಾಗಿಲಿಗೆ ಬಂದು ನಿಂತ. "ಇದೇನು ಗುರುಗಳೇ? ಈ ಮನೆಯಲ್ಲಿ ಯಾರೂ ಸತ್ತಿಲ್ಲ."

ಗುರುಗಳು ಬರಿಗಾಲು ಮಡಚಿಕೊಂಡು ಸರಿಯಾಗಿ ಕೂತರು.

"ನನ್ನ ಮನೆಯಲ್ಲಿ ಸಾವಾದಾಗ ಬಾಗಿಲಿಗೆ ಬಂದು ಹಾಗೇ ಹೋದವರು ನೀವು. ಇವತ್ತು ಕರೆಯದೆ ಬಂದು ಕೂತಿದ್ದೀರಿ!"

ಗುರುಗಳು ತಲೆ ತಗ್ಗಿಸಿದರು. ಆದರೆ ಏಳಲಿಲ್ಲ.

ಹಸಾಜಿ ಹೊರಗೆ ಹೋದ. ಎತ್ತಿಗೆ ಒಂದೇಟು ಬಿತ್ತು. ಗಾಣ ಕಿರ್‍ರೆಂದು ಮತ್ತೆ ತಿರುಗಿತು.

ಕೆತೂರಾಬಾಯಿ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ಗುರುಗಳು ಅವಳನ್ನೂ ಮಾತಾಡಿಸಲಿಲ್ಲ.

ಬಿನ್ಯಾಮೀನ ಪಿಸುಗುಟ್ಟಿದ. "ಏನಾದರೂ ಹೇಳಿ ಗುರುಗಳೇ."

"ದುಃಖದವರು ಮೊದಲು ಮಾತಾಡಬೇಕು. ನೀನೇ ಬಾಯಿಪಾಠ ಮಾಡಿದ್ದೀಯಲ್ಲ."

"ಕಾಕಿ ಕೂತಿಲ್ಲವಲ್ಲ, ನಿಂತಿದ್ದಾರೆ."

"ನಿಲ್ಲಿಸಿದವನು ನೀನು."

ಬಿನ್ಯಾಮೀನನ ಕಿವಿ ಕೆಂಪಾಯಿತು.

ಬಹಳ ಹೊತ್ತಾದ ಮೇಲೆ ಕೆತೂರಾಬಾಯಿ ಒಳಗೆ ಹೋದಳು. ಪೆಟ್ಟಿಗೆ ತೆಗೆದ ಸದ್ದಾಯಿತು. ಒಂದು ಹಳೇ ರವಿಕೆ ತಂದು ಗುರುಗಳ ಮುಂದೆ ಇಟ್ಟಳು.

"ಇದು ಅವತ್ತು ಹರಿದದ್ದು," ಅಂದಳು. "ಅವಳು ಹೋದಾಗ. ಇವರು ಹರಿ ಅಂದರು, ಹರಿದೆ. ಎಂಟನೆಯ ದಿನ ಎದ್ದವಳೇ ಹೊಲಿದೆ. ಸತ್ತವರಿಗೆ ಹರಿದದ್ದನ್ನು ಅಷ್ಟು ಬೇಗ ಹೊಲಿಯಬಾರದು ಅಂತ ನನಗೂ ಗೊತ್ತು. ಅವಳು ಸತ್ತಿರಲಿಲ್ಲ ಗುರುಗಳೇ. ಹರಿದದ್ದು ಹಾಗೇ ಇದ್ದರೆ ಅವಳಿಗೆ ಏನಾದರೂ ಆದೀತು ಅಂತ ಹೆದರಿಕೆ. ಅದಕ್ಕೇ ಕಾಣದ ಹಾಗೆ ಹೊಲಿದೆ."

ಗುರುಗಳು ರವಿಕೆಯನ್ನು ಬೆಳಕಿಗೆ ಹಿಡಿದರು. ಹೊಲಿಗೆ ಕಾಣಲಿಲ್ಲ. ಬೆರಳಿಗೆ ಮಾತ್ರ ಸಿಕ್ಕಿತು.

"ಈಗ ನಾನೇನು ಮಾಡಲಿ?" ಅಂದಳು ಕೆತೂರಾಬಾಯಿ. "ಹೊಸದು ಹರಿಯಲೇ? ಈ ಹುಡುಗ ಹರಿಯಬಾರದು ಅನ್ನುತ್ತಾನೆ. ಕೂರಲೇ? ಕೂತಾಗಿದೆ ಅನ್ನುತ್ತಾನೆ. ಅವತ್ತು ಅಳು ಬಾ ಅಂದರೂ ಬರಲಿಲ್ಲ. ಇವತ್ತು ಬಂದರೆ ಅದಕ್ಕೆ ಜಾಗ ಎಲ್ಲಿದೆ?"

ಬಿನ್ಯಾಮೀನ ಗುರುಗಳನ್ನು ನೋಡಿದ. ಗುರುಗಳು ಅವನನ್ನು ನೋಡಿದರು.

"ಕಟ್ಟಳೆ ಹೇಳೋ," ಅಂದರು.

"ತಡವಾದ ಸುದ್ದಿಗೆ... ಹೊಸದಾಗಿ ಹರಿಯುವಂತಿಲ್ಲ."

"ಹೊಲಿದದ್ದನ್ನು ಬಿಚ್ಚಬಾರದು ಅಂತ ಎಲ್ಲಾದರೂ ಇದೆಯೇ?"

ಬಿನ್ಯಾಮೀನ ಯೋಚಿಸಿದ. "ಇಲ್ಲ."

"ಹಾಗಾದರೆ ತಗೋ. ಅವಳಿಗೆ ಈಗ ಇಷ್ಟು ಸಣ್ಣ ಹೊಲಿಗೆ ಕಾಣುವುದಿಲ್ಲ. ನೀನು ಬಿಚ್ಚು." ರವಿಕೆಯನ್ನು ಶಿಷ್ಯನ ಮಡಿಲಿಗೆ ಹಾಕಿದರು. "ಬಟ್ಟೆ ಹರಿಯದ ಹಾಗೆ. ಒಂದೊಂದೇ."

ನೋಡಿ ಸಂಗತಿ. ಮದುವೆ ಗೊತ್ತಾದ ಹುಡುಗ, ಇನ್ನೊಬ್ಬರ ಮನೆಯ ಹೆಂಗಸಿನ ರವಿಕೆ ಹಿಡಿದು ನಡುಮನೆಯಲ್ಲಿ ಕೂತಿದ್ದಾನೆ! ಕಿಟಕಿಯಲ್ಲಿ ಸಿಂಹಾಬಾಯಿಯ ಕಣ್ಣು. ಕೇರಿಗೆ ಮುಂದಿನ ಹಬ್ಬದ ತನಕ ಸಾಕಾಗುವಷ್ಟು ಮಾತು. ಆದರೆ ಅವತ್ತು ಸಿಂಹಾಬಾಯಿಯೂ ತುಟಿ ಎರಡು ಮಾಡಲಿಲ್ಲ.

ಬಿನ್ಯಾಮೀನ ಕೆತೂರಾಬಾಯಿ ಕೊಟ್ಟ ಸೂಜಿ ಹಿಡಿದು ಮೊದಲ ಹೊಲಿಗೆ ಹುಡುಕಿದ. ಸಿಗಲಿಲ್ಲ. ಮತ್ತೆ ಹುಡುಕಿದ. ಅಕ್ಕಿಯ ನುಚ್ಚಿಗಿಂತ ಸಣ್ಣ ಹೊಲಿಗೆ. ಒಂದನ್ನು ಎಬ್ಬಿಸಿದರೆ ಪಕ್ಕದಲ್ಲೇ ಇನ್ನೊಂದು, ಅದರ ಮೇಲೆ ಮತ್ತೊಂದು. ಎರಡು ಸಲ, ಮೂರು ಸಲ ಹೊಲಿದಿದ್ದಳು, ಎಲ್ಲೂ ಬಿಡಬಾರದು ಎಂದು.

ಸೂಜಿ ಬೆರಳಿಗೆ ಚುಚ್ಚಿತು. ಅವನು ಕೈ ಒರೆಸಿಕೊಂಡು ಮುಂದುವರಿಸಿದ.

"ಕಾಕಿ," ಅಂದ ತಲೆ ಎತ್ತದೆ. "ಎಷ್ಟು ಗಟ್ಟಿ ಹೊಲಿದಿದ್ದೀರಿ."

"ಹೂಂ," ಅಂದಳು ಕೆತೂರಾಬಾಯಿ.

"ನಾನು ನಿಮಗೆ ಹಾಗೆ ಹೇಳಬಾರದಿತ್ತು."

ಅವಳು ಗೋಡೆ ಹಿಡಿದು ಮೆಲ್ಲಗೆ ಕೆಳಗೆ ಜಾರಿದಳು. ನೆಲ ಮುಟ್ಟಿದಳು. ಕೂತಳು.

ಹೊರಗೆ ಗಾಣ ತಿರುಗುತ್ತಿತ್ತು.

ಕೊನೆಯ ಹೊಲಿಗೆ ಬಿಟ್ಟಿತು. ಹರಕು ತೆರೆಯಿತು, ಅವತ್ತು ಹರಿದಷ್ಟೇ ಉದ್ದ. ಬಿನ್ಯಾಮೀನ ಎರಡೂ ಕೈಯಲ್ಲಿ ಎತ್ತಿ ರವಿಕೆಯನ್ನು ಅವಳಿಗೆ ಕೊಟ್ಟ. ಅವನ ಕಣ್ಣಿನಿಂದ ನೀರು ಹೋಗುತ್ತಿತ್ತು.

ಕೆತೂರಾಬಾಯಿ ಅದನ್ನು ಉಟ್ಟದ್ದರ ಮೇಲೆಯೇ ಎದೆಗೆ ಒತ್ತಿಕೊಂಡಳು.

"ಮಿಲ್ಕಾ," ಅಂದಳು. "ನನ್ನ ಕೂಸೇ. ಜ್ವರದಲ್ಲಿ ನಿನ್ನ ಹಣೆ ಮುಟ್ಟಿದವರು ಯಾರೇ?"

ಆಮೇಲೆ ಅತ್ತಳು. ಕಲ್ಲು ಎಂದಿದ್ದರಲ್ಲ ಕೇರಿಯ ಹೆಂಗಸರು, ಅವರ ಅಡುಗೆಮನೆಯ ತನಕ ಕೇಳಿಸುವ ಹಾಗೆ ಅತ್ತಳು. ಕಿಟಕಿಯಲ್ಲಿದ್ದ ಸಿಂಹಾಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಮನೆಗೆ ಹೋದಳು.

ಅಳು ಇಳಿಯುವ ಹೊತ್ತಿಗೆ ಬಿನ್ಯಾಮೀನನಿಗೆ ಏನೋ ಬೇರೆ ಅನ್ನಿಸಿತು. ಏನು ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

ಗಾಣದ ಸದ್ದು ಇರಲಿಲ್ಲ.

ಅವತ್ತು ಶನಿವಾರವಲ್ಲ.

ಅವನು ಬಾಗಿಲಿಂದ ಇಣುಕಿದ. ಎತ್ತು ನೊಗ ಹೊತ್ತು ನಿಂತಲ್ಲೇ ನಿಂತಿತ್ತು. ಅದರ ಕಾಲಬುಡದಲ್ಲಿ, ಹಿಂಡಿಯ ಪುಡಿಯ ಮೇಲೆ, ಹಸಾಜಿ ಕೂತಿದ್ದ. ಚಪ್ಪಲಿ ದೂರ ಬಿದ್ದಿತ್ತು. ಎಣ್ಣೆಗೈಯಲ್ಲಿ ಅಂಗಿಯ ಎದೆಯನ್ನು ಮುಷ್ಟಿ ಮಾಡಿ ಹಿಡಿದಿದ್ದ.

ಬಿನ್ಯಾಮೀನ ಹಿಂದಕ್ಕೆ ಬಂದು ಗುರುಗಳ ಕಿವಿಯಲ್ಲಿ ಹೇಳಿದ.

"ಗುರುಗಳೇ, ಒಂದು ತಾಸು ಆಯಿತು. ಇನ್ನು ಏಳಬಹುದು."

ಗುರುಗಳು ಏಳಲಿಲ್ಲ.

"ಹಸಾಜಿ ಕಾಕಾ ಹೊರಗೆ ನೆಲದ ಮೇಲೆ ಕೂತಿದ್ದಾರೆ. ಹೋಗಿ ಏನಾದರೂ ಹೇಳಲೇ?"

ಗುರುಗಳು ಎದ್ದರು. ಅಂಗಳಕ್ಕೆ ಹೋಗಿ, ಹಸಾಜಿಗೆ ತುಸು ದೂರದಲ್ಲಿ, ಹಿಂಡಿಯ ಪುಡಿಯ ಮೇಲೆಯೇ ಕೂತರು. ಶಿಷ್ಯನಿಗೆ ಪಕ್ಕದ ನೆಲ ತೋರಿಸಿದರು.

"ಬೇಡ," ಅಂದರು. "ಅವನು ಮೊದಲು ಮಾತಾಡಲಿ."