ತಮಟೆ ಮಾಯಿಗ ವ್ಯಾಕರಣ ಕಲಿತದ್ದು

ಮಾಗಳ್ಳಿ ಅಂತ ಒಂದು ಊರು. ಆ ಊರಲ್ಲಿ ಚಿಕ್ಕತಾಯಮ್ಮ ಅಂತ ಒಬ್ಬಳು. ಅವಳಿಗೆ ಇದ್ದವನು ಒಬ್ಬನೇ ಮಗ, ಮಾಯಿಗ. ಊರಿನ ಸುದ್ದಿಯನ್ನ ತಮಟೆ ಬಡಿದು ಸಾರೋದು ಅವನಪ್ಪನ ಕೆಲಸ. ಅಪ್ಪ ಹೋದಮೇಲೆ ತಮಟೆ ಮಗನ ಹೆಗಲಿಗೆ ಬಂತು. ದನಿ ಅಪ್ಪನದೇ. ಬುದ್ಧಿ ಮಾತ್ರ ಯಾರದೋ ಏನೋ ಅಂತ ಚಿಕ್ಕತಾಯಮ್ಮ ದಿನಾ ನಿಟ್ಟುಸಿರು ಬಿಡೋಳು.

ಒಂದು ಸಲ ಪಟೇಲರು, ನಾಳೆ ಅಮಲ್ದಾರರು ಬರೋದನ್ನ ಸಾರು ಅಂದರು. ಮಾಯಿಗ ಬೀದಿಬೀದಿ ತಿರುಗಿ ಸಾರಿದ: "ನಾಳೆ ಬೆಳಿಗ್ಗೆ ಅಮಲ್ದಾರ ಬರ್ತದೆ. ಚಾವಡಿ ಮುಂದೆ ನಿಲ್ತದೆ. ಬೇಕಾದವರು ಬನ್ನಿ."

ಯಾವುದೋ ಹೋರಿಗೆ ಅಮಲ್ದಾರ ಅಂತ ಹೆಸರಿಟ್ಟಿದ್ದಾರೆ ಅಂದುಕೊಂಡು ಇಬ್ಬರು ತಮ್ಮ ಹಸು ಹಿಡಿದುಕೊಂಡು ಬಂದು ಚಾವಡಿ ಮುಂದೆ ಕಾದು ನಿಂತರು. ಪಟೇಲರು ಬೆವೆತುಹೋದರು.

ಚಿಕ್ಕತಾಯಮ್ಮ ಮಗನನ್ನ ಬೈದು, ಶಾಲೆಯ ಸೂರಪ್ಪ ಮೇಷ್ಟ್ರ ಹತ್ತಿರ ಕರಕೊಂಡು ಹೋದಳು. ದೊಡ್ಡ ಮನೆಯ ಮಾತು ಆಡುವಾಗ ಬಂದರು, ಹೋದರು, ನಿಂತರು ಅನ್ನಬೇಕು ಅಂತ ಮೇಷ್ಟ್ರು ಹೇಳಿಕೊಟ್ಟರು. ಮಾಯಿಗ ತಲೆಯಾಡಿಸಿದ. ಗಟ್ಟಿ ಮಾಡಿಕೊಂಡ.

ವಾರ ಕಳೆದಿಲ್ಲ, ಪಟೇಲರ ಎಮ್ಮೆ ಕಾಣದಾಯಿತು. ಪಟೇಲರದು ದೊಡ್ಡ ಮನೆ ತಾನೆ? ಮಾಯಿಗ ಸಾರಿದ: "ಪಟೇಲರ ಮನೆಯವರು ನಿನ್ನೆಯಿಂದ ಕಾಣೆಯಾಗಿದ್ದಾರೆ. ಕರ್ರಗಿದ್ದಾರೆ. ಕೆರೆ ಕಡೆ ಹೋದವರು ತಿರುಗಿ ಬಂದಿಲ್ಲ."

ಎಮ್ಮೆ ಅನ್ನೋ ಮಾತು ಕೊನೆಯಲ್ಲಿತ್ತು. ಅಲ್ಲಿವರೆಗೆ ಕೇಳೋದಕ್ಕೆ ಯಾರು ನಿಂತಿದ್ದರು? ಹಗ್ಗ ಹಿಡಿದು ಕೆರೆಗೆ ಓಡಿದವರು ಕೆಲವರು, ಅಳುತ್ತಾ ಪಟೇಲರ ಮನೆಗೆ ಬಂದವರು ಕೆಲವರು. ಪಟೇಲರ ಹೆಂಡತಿ ಬಾಗಿಲಲ್ಲಿ ಅಕ್ಕಿ ಆರಿಸುತ್ತಾ ಕೂತಿದ್ದರು.

ಮತ್ತೆ ಬೈಗುಳ, ಮತ್ತೆ ಮೇಷ್ಟ್ರು. ಎಮ್ಮೆ ಒಂದಾದರೆ ಬಂತು, ಎರಡಾದರೆ ಬಂದವು ಅಂತ ಹೇಳಿಕೊಟ್ಟರು. ಮೊದಲು ಏನು ಅಂತ ಹೇಳು, ಆಮೇಲೆ ಗುರುತು ಹೇಳು, ಕಂಡಕಂಡಲ್ಲಿ ಹಾರಬೇಡ, ತಲೆಯಿಂದ ಬಾಲದವರೆಗೆ ಸಾಲಾಗಿ ಬಾ ಅಂದರು. ಮಾಯಿಗ ತಲೆಯಾಡಿಸಿದ. ಗಟ್ಟಿ ಮಾಡಿಕೊಂಡ.

ಆಮೇಲೆ ಊರಿಗೆ ಮಕ್ಕಳಿಗೆ ಚುಚ್ಚುಮದ್ದು ಹಾಕೋ ಡಾಕ್ಟರು ಬಂದರು. ಪಟೇಲರ ಜಗಲಿ ಮೇಲೆ ಕಾಫಿ ಕುಡಿಯುತ್ತಿದ್ದರು. ಮಾಯಿಗ ಅವರೆದುರಿಗೇ ನಿಂತು ಸಾರಿದ: "ಡಾಕ್ಟರು ಬಂದಿದ್ದಾರೆ. ತಲೆ ಬೋಳು. ಕಿವಿ ಅಗಲ. ಹಲ್ಲು ಎರಡು ಬಿದ್ದಿವೆ. ಹೊಟ್ಟೆ ಮುಂದಕ್ಕಿದೆ." ಆಮೇಲೆ ಹಿಂದಕ್ಕೆ ಹೋಗಿ ಬಗ್ಗಿ ನೋಡಿ, ದನಿ ಏರಿಸಿ ಅಂದ: "ಬಾಲ ಇಲ್ಲ."

ಡಾಕ್ಟರು ಕಾಫಿ ಲೋಟ ಕೆಳಗಿಟ್ಟರು. ಇನ್ನೊಂದು ತಪ್ಪಾದರೆ ತಮಟೆ ಬೇರೆಯವರಿಗೆ ಅಂತ ಪಟೇಲರು ಹೇಳಿಬಿಟ್ಟರು.

ಆ ದಿನ ಚಿಕ್ಕತಾಯಮ್ಮ ಬೈಯಲಿಲ್ಲ. ಗಂಡನ ತಮಟೆ ಮನೆ ಬಿಟ್ಟು ಹೋಗುತ್ತಲ್ಲ ಅಂತ ಅದನ್ನ ಸೆರಗಿನಿಂದ ಒರೆಸುತ್ತಾ ಕೂತಳು. ಮಾಯಿಗ ತಾನೇ ಮೇಷ್ಟ್ರ ಹತ್ತಿರ ಹೋದ. ಮೇಷ್ಟ್ರು ತಾಳ್ಮೆಯಿಂದ ಹೇಳಿದರು. ಮನುಷ್ಯರಿಗೆ ಪಾದವೇ ಕೊನೆ. ಕೇಳೋರ ಕಣ್ಣಿಗೆ ಕಟ್ಟೋ ಗುರುತು ಆರಿಸು. ಮನಸ್ಸು ನೋಯಿಸಬೇಡ. ಹಿರಿಯರು ಯಾರೇ ಆಗಲಿ, ಬಹುವಚನ ಬಿಡಬೇಡ. ಶುರು ಮಾಡಿದ್ದನ್ನ ಮುಗಿಸದೆ ನಿಲ್ಲಿಸಬೇಡ.

ಮಾಯಿಗ ತಲೆಯಾಡಿಸಿದ. ಗಟ್ಟಿ ಮಾಡಿಕೊಂಡ.

ಮಂಗಳವಾರದ ಸಂತೆಗೆ ತಾಯಿ ಮಗ ಹೋದರು. ಉಪ್ಪು ಕೊಳ್ಳೋ ಗದ್ದಲದಲ್ಲಿ ತಾಯಿ ತಪ್ಪಿಸಿಕೊಂಡಳು. ಮಾಯಿಗ ಸಂತೆಯೆಲ್ಲ ಹುಡುಕಿದ. ಅಲ್ಲಿದ್ದ ಒಂದು ಗಾಡಿ ಮೇಲೆ ಹತ್ತಿ ಹೆಗಲಲ್ಲಿದ್ದ ತಮಟೆ ಬಡಿದ. ಪಟೇಲರೂ ಮೇಷ್ಟ್ರೂ ಸಂತೆಯಲ್ಲೇ ಇದ್ದರು. ಇವತ್ತು ಏನು ಕಾದಿದೆಯೋ ಅಂತ ಪಟೇಲರು ಗಾಡಿ ಹತ್ತಿರ ಬಂದರು.

"ನಮ್ಮವ್ವ ಕಾಣೆಯಾಗಿದ್ದಾರೆ. ಚಿಕ್ಕತಾಯಮ್ಮ ಅಂತ. ತಲೆಕೂದಲು ಬೆಳ್ಳಗಾಗಿದೆ, ಒಂದು ಎಳೆ ಆಚೆ ಬರದ ಹಾಗೆ ಬಾಚುತ್ತಾರೆ. ಹಣೆಯ ವಿಭೂತಿ ಚೂರು ಎಡಕ್ಕಿದೆ, ಮನೆ ಕನ್ನಡಿ ಒಡೆದಿದೆ."

ತಮಟೆ ಸದ್ದು ಕೇಳಿ ಚಿಕ್ಕತಾಯಮ್ಮ ಓಡಿಬಂದಳು. ಮಗನ ಪಂಚೆ ಹಿಡಿದು ಎಳೆದು, "ಇಲ್ಲೇ ಇದ್ದೀನಿ ಕಣೋ, ಇಳಿಯೋ" ಅಂದಳು.

ಮಾಯಿಗ ಕೆಳಗೆ ನೋಡಲಿಲ್ಲ. "ಸ್ವಲ್ಪ ಇರಿ. ಇನ್ನೂ ಹಣೆಯಲ್ಲಿದ್ದೀನಿ" ಅಂದ.

"ಕಿವಿಯಲ್ಲಿ ಓಲೆ ಇಲ್ಲ, ಬೇವಿನ ಕಡ್ಡಿ ಇದೆ. ಓಲೆ ನನ್ನ ಜ್ವರಕ್ಕೆ ಹೋಯಿತು. ಬಲಗೈ ಮೇಲೆ ಸುಟ್ಟ ಕಲೆ ಇದೆ, ಮುದ್ದೆ ತಿರುವುವಾಗ ಆದದ್ದು. ಸೊಂಟ ಚೂರು ಬಾಗಿದೆ. ಹಿಮ್ಮಡಿ ಒಡೆದಿದೆ. ನಡೆಯುವಾಗ ನಾನು ಹಿಂದೆ ಇದ್ದೀನಾ ಅಂತ ನಾಲ್ಕು ಹೆಜ್ಜೆಗೊಮ್ಮೆ ತಿರುಗಿ ನೋಡುತ್ತಾರೆ. ಇಷ್ಟೇ."

ಉಪ್ಪು ಮಾರೋರು ತಕ್ಕಡಿ ಕೆಳಗಿಟ್ಟು ಕೇಳಿದರು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ತಮಟೆ ಇವನ ಹತ್ತಿರವೇ ಇರಲಿ ಅಂದರು ಪಟೇಲರು. ಚಿಕ್ಕತಾಯಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಮಗ ತನ್ನನ್ನ ಇಷ್ಟು ನೋಡಿದ್ದಾನೆ ಅಂತ ಅವಳಿಗೆ ಅಲ್ಲಿವರೆಗೆ ಗೊತ್ತಿರಲಿಲ್ಲ.

ಮಾಯಿಗ ಗಾಡಿಯಿಂದ ಇಳಿದ. ಬೆವರು ಒರೆಸಿಕೊಂಡ. ಎದುರಿಗೆ ನಿಂತಿದ್ದ ತಾಯಿಯ ಕಡೆ ತಿರುಗಿ, ಬಹುವಚನ ತಪ್ಪದ ಹಾಗೆ ಜೋಪಾನವಾಗಿ ಕೇಳಿದ:

"ನೀವು ಮೊದಲಿಂದ ಇಲ್ಲೇ ನಿಂತು ಕೇಳಿದಿರಿ. ಅಂಥೋರು ಯಾರಾದರೂ ಈ ಕಡೆ ಬಂದರಾ?"