ಮಂಕಾಳಕ್ಕನ ಉಪ್ಪು, ಕೆಂಚನ ಹೊಂಡ

ಹೊಳೆ ಕಡಲು ಸೇರುವ ಅಳಿವೆಯಲ್ಲಿ ಉಪ್ಪುನೀರಿನಲ್ಲೇ ಬೆಳೆಯುವ ಕಾಂಡ್ಲಾ ಮರಗಳ ಒಂದು ಕಾಡಿತ್ತು. ಅಲ್ಲಿನ ಪ್ರಾಣಿಗಳೆಲ್ಲ ಕಡಲನ್ನೇ ನಂಬಿ ಬದುಕುತ್ತಿದ್ದವು. ನೀರುನಾಯಿ ಜಟ್ಟಪ್ಪ ತನ್ನ ಬಳಗ ಕಟ್ಟಿಕೊಂಡು ಮೀನು ಹಿಡಿಯುತ್ತಿದ್ದ. ಅವನ ಬಲೆಗೆ ಬೇಕಾದ ಹಗ್ಗವನ್ನು ಅಳಿಲುಗಳು ತೆಂಗಿನ ನಾರಿನಿಂದ ಹೊಸೆಯುತ್ತಿದ್ದವು. ಮೀನಿಗೆ ಉಪ್ಪು ಸವರಿ, ಮರಳಿನ ಮೇಲೆ ಹರಡಿ, ಮಗುಚಿ ಮಗುಚಿ ಒಣಗಿಸುವುದು ಬೆಳ್ಳಕ್ಕಿಗಳ ಕೆಲಸ. ಮಳೆಗಾಲದಲ್ಲಿ ಕಡಲಿಗೆ ಇಳಿಯುವ ಹಾಗಿಲ್ಲವಲ್ಲ, ಆಗ ಎಲ್ಲರಿಗೂ ಆ ಒಣಮೀನೇ ಗತಿ. ಮೀನು ತಿನ್ನದ ಅಳಿಲುಗಳಿಗೂ ಅದೇ ಆಧಾರ. ಗುಡ್ಡದಾಚೆಯವರು ಒಣಮೀನು ಒಯ್ದು, ಅದಕ್ಕೆ ಬದಲಾಗಿ ಕಾಳುಕಡ್ಡಿ ತಂದುಕೊಡುತ್ತಿದ್ದರು.

ಉಪ್ಪು ಮಾಡುತ್ತಿದ್ದವಳು ಆಮೆ ಮಂಕಾಳಿ. ಎಲ್ಲರಿಗೂ ಅವಳು ಮಂಕಾಳಕ್ಕ. ಉಬ್ಬರದ ನೀರನ್ನು ಪಾತಿಗೆ ಹಾಯಿಸುವುದು, ಹೊಟ್ಟೆ ಉಜ್ಜಿ ಉಜ್ಜಿ ಪಾತಿಯ ಕೆಸರನ್ನು ಸಮ ಮಾಡುವುದು, ನೀರು ಆರಿದ ಮೇಲೆ ಉಪ್ಪು ಬಳಿಯುವುದು, ಎಲ್ಲ ಅವಳೊಬ್ಬಳೇ. ಬಿಸಿಲಿಗೆ ಅವಳ ಬೆನ್ನು ಕಾದ ಕಾವಲಿಯಂತಾಗುತ್ತಿತ್ತು. ಆದರೂ ಜಟ್ಟಪ್ಪ ಮೀನು ಹೊತ್ತು ದಡಕ್ಕೆ ಬಂದರೆ ಕಾಡಿಗೆ ಕಾಡೇ ಓಡಿಹೋಗಿ ಕುಣಿಯುತ್ತಿತ್ತು. ಉಪ್ಪಿನ ಪಾತಿಯ ಕಡೆ ಯಾರೂ ತಲೆ ಹಾಕುತ್ತಿರಲಿಲ್ಲ. ಅವಳು ಅದನ್ನು ಯಾರ ಹತ್ತಿರವೂ ಹೇಳಿಕೊಂಡವಳಲ್ಲ. ಮನಸ್ಸಿಗೆ ಮಾತ್ರ ಚುಚ್ಚುತ್ತಿತ್ತು.

ಇದು ನರಿ ಕೆಂಚನ ಕಣ್ಣಿಗೆ ಬಿತ್ತು. ಅವನು ಗುಡ್ಡದ ಬುಡದಲ್ಲಿ ಒಂದು ಸಿಹಿನೀರಿನ ಹೊಂಡದ ಪಕ್ಕ ಬಿಲ ಮಾಡಿಕೊಂಡಿದ್ದ. ಒಂದು ದಿನ ಪಾತಿಯ ಬದುವಿಗೆ ಬಂದು ಕುಳಿತ.

"ಅಕ್ಕಾ, ಬೆನ್ನು ಸುಟ್ಟುಕೊಳ್ಳುವವಳು ನೀನು, ಹೊಗಳಿಸಿಕೊಳ್ಳುವವನು ಜಟ್ಟಪ್ಪ. ನಿನ್ನೆ ದಡದಲ್ಲಿ ಒಬ್ಬರಾದರೂ ನಿನ್ನ ಹೆಸರು ಎತ್ತಿದರಾ?"

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ.

"ಈ ಸಲ ಉಪ್ಪು ಕೊಡಬೇಡ. ನನ್ನ ಹೊಂಡದ ಮೇಲಿನ ಬಂಡೆಯ ಪೊಟರೆಯಲ್ಲಿ ಇಟ್ಟಿರು, ನಾನು ಕಾಯುತ್ತೇನೆ. ನಾಲ್ಕೇ ದಿನ! ಅವರೇ ಬಂದು ನಿನಗೆ ಕೈ ಮುಗಿಯುತ್ತಾರೆ."

ಮಂಕಾಳಿ ಮಾತಿಗೆ ಮರುಳಾದಳು. ಬೆನ್ನ ಮೇಲೆ ಹೊತ್ತು ಹೊತ್ತು ಆ ವರ್ಷದ ಉಪ್ಪನ್ನೆಲ್ಲ ನರಿಯ ಪೊಟರೆಗೆ ಸಾಗಿಸಿದಳು. ಜಟ್ಟಪ್ಪ ಉಪ್ಪು ಕೇಳಲು ಬಂದಾಗ ಮುಖ ನೋಡದೆ, "ಈ ಸಲ ಉಪ್ಪು ಆಗಲಿಲ್ಲ ತಮ್ಮಾ" ಎಂದಳು.

ಜಟ್ಟಪ್ಪ ಸಿಟ್ಟಾಗಲಿಲ್ಲ. "ಅಯ್ಯೋ, ಹುಷಾರಿಲ್ಲವಾ ಅಕ್ಕಾ? ಮೊದಲೇ ಹೇಳಬಾರದಿತ್ತಾ?" ಎಂದು ಬಳಿಯಲ್ಲೇ ಕುಳಿತ. ಹೋಗುವಾಗ ಒಂದು ತಾಜಾ ಮೀನು ಇಟ್ಟುಹೋದ. ಆ ಮೀನನ್ನು ಅವಳು ಮುಟ್ಟಲಿಲ್ಲ.

ಉಪ್ಪಿಲ್ಲದೆ ಮೀನು ಕೊಳೆಯತೊಡಗಿತು. ಜಟ್ಟಪ್ಪ ಅದನ್ನು ದಡದಾಚೆ ಎಸೆದ. ಕೆಂಚ ಅದಕ್ಕೇ ಕಾದಿದ್ದ. ಮೂರು ಹೊತ್ತೂ ಕುಳಿತಲ್ಲೇ ತಿಂದು ಹೊಟ್ಟೆ ಬೆಳೆಸಿದ. ಹಿಡಿದದ್ದನ್ನು ಎಸೆಯಲು ಯಾರಿಗೆ ಮನಸ್ಸು ಬರುತ್ತದೆ? ಜಟ್ಟಪ್ಪ ಬಲೆ ಬಿಡುವುದನ್ನು ಕಡಿಮೆ ಮಾಡಿದ. ಬಲೆ ಹರಿಯದ ಮೇಲೆ ಹಗ್ಗ ಯಾರಿಗೆ ಬೇಕು? ಅಳಿಲುಗಳು ಸುಮ್ಮನೆ ಕುಳಿತವು. ಬೆಳ್ಳಕ್ಕಿಗಳಿಗಂತೂ ಮಗುಚಲು ಒಂದು ಮೀನೂ ಇರಲಿಲ್ಲ. ಮಂಕಾಳಿಗೆ ಯಾರೂ ಬಂದು ಕೈ ಮುಗಿಯಲಿಲ್ಲ. ಬಂದವಳು ಬೆಳ್ಳಕ್ಕಿ ಲಚ್ಚಿ, ಅದೂ ಮರಿಗಳನ್ನು ಕಟ್ಟಿಕೊಂಡು.

"ಹೋಗಿಬರುತ್ತೇನೆ ಅಕ್ಕಾ. ತೆಂಕಣ ದಡದಲ್ಲಿ ಏನೋ ಕೆಲಸ ಇದೆಯಂತೆ. ಇಲ್ಲಿದ್ದರೆ ಮಳೆಗಾಲದಲ್ಲಿ ಮರಿಗಳ ಬಾಯಿಗೆ ಏನು ಹಾಕಲಿ?"

ಮಂಕಾಳಿಗೆ ನಿಜ ಹೇಳಿಬಿಡಬೇಕು ಅನ್ನಿಸಿತು. "ಹುಷಾರಾಗಿ ಹೋಗು" ಎಂದಷ್ಟೇ ಹೇಳಿದಳು. ಲಚ್ಚಿ ಹಾರಿಹೋದಳು.

ಮಂಕಾಳಿಗೆ ತಡೆಯಲಾಗಲಿಲ್ಲ. ನೇರ ಗುಡ್ಡದ ಬುಡಕ್ಕೆ ನಡೆದಳು. "ಕೆಂಚಾ, ನನ್ನ ಉಪ್ಪು ಕೊಡು."

ಕೆಂಚ ಹೊಟ್ಟೆ ಸವರಿಕೊಂಡು ನಕ್ಕ. "ಯಾವ ಉಪ್ಪು? ಈ ಸಲ ಉಪ್ಪೇ ಆಗಲಿಲ್ಲ ಎಂದು ನೀನೇ ಹೇಳಿದ್ದೆಯಲ್ಲ!"

ಅವಳು ಹಿಂತಿರುಗುವಾಗ ಹೊತ್ತಲ್ಲದ ಹೊತ್ತಿನಲ್ಲಿ ಮಳೆ ಸುರಿಯಿತು. ನೆನೆಯುತ್ತಲೇ ಜಟ್ಟಪ್ಪನ ಬಳಿ ಹೋಗಿ, ಎಲ್ಲರೂ ಕೇಳುವಂತೆ ಹೇಳಿದಳು: "ಉಪ್ಪು ಆಗಿತ್ತು. ಕೆಂಚನ ಮಾತು ಕೇಳಿ ಅವನ ಪೊಟರೆಯಲ್ಲಿ ಅಡಗಿಸಿಟ್ಟವಳು ನಾನು. ಈಗ ಅವನು ಕೊಡುತ್ತಿಲ್ಲ."

ಜಟ್ಟಪ್ಪ ಹೇಳಿದ: "ನಾವು ಒಂದು ದಿನವೂ ನಿನ್ನ ಪಾತಿಯ ಕಡೆ ಬಂದು ನೋಡಲಿಲ್ಲ. ಅದು ನಮ್ಮ ತಪ್ಪು. ಲಚ್ಚಿ ಊರು ಬಿಟ್ಟದ್ದು ನಿನ್ನ ತಪ್ಪು. ಈಗ ಏನು ಮಾಡೋಣ, ಅದು ಹೇಳು."

"ಮಳೆಗಾಲಕ್ಕೆ ಇನ್ನೂ ಇಪ್ಪತ್ತು ದಿನ ಇದೆ. ಬಿಸಿಲು ಬಂದರೆ ಅರ್ಧ ಉಪ್ಪಾದರೂ ತೆಗೆಯಬಹುದು. ನನ್ನೊಬ್ಬಳಿಂದ ಆಗುವುದಿಲ್ಲ."

ಮರುದಿನ ಬೆಳಿಗ್ಗೆ ಎಲ್ಲರೂ ಪಾತಿಗೆ ಇಳಿದರು. ಅಷ್ಟರಲ್ಲಿ ಕೆಂಚ ನಾಲಿಗೆ ಹೊರಹಾಕಿಕೊಂಡು ತೂರಾಡುತ್ತ ಬಂದ. ಹಿಂದಿನ ದಿನದ ಮಳೆಗೆ ಪೊಟರೆಯ ಉಪ್ಪೆಲ್ಲ ಕರಗಿ ಅವನ ಸಿಹಿನೀರಿನ ಹೊಂಡಕ್ಕೇ ಹರಿದಿತ್ತು. ಕೊಳೆತ ಮೀನು ತಿಂದು ಹೊಟ್ಟೆ ಉರಿಯುತ್ತಿತ್ತು, ಕುಡಿಯಲು ಗುಟುಕು ನೀರಿಲ್ಲ.

"ನೀರು... ನಿಮ್ಮ ಬಾವಿಯಿಂದ ಒಂದು ಗುಟುಕು ಕೊಡಿ," ಎಂದು ಅಂಗಲಾಚಿದ.

ಅಳಿಲುಗಳು ಅವನನ್ನು ಅಟ್ಟಲು ಎದ್ದವು. ಮಂಕಾಳಿ ತಡೆದಳು. "ನೀರು ಕೊಡಿ, ಪಾಪ. ಕುಡಿದ ಮೇಲೆ ಪಾತಿಗೆ ಇಳಿಯಲಿ. ಕೆಸರು ತುಳಿಯಲು ಅವನ ನಾಲ್ಕು ಕಾಲೂ ಬೇಕು."

ಕೆಂಚ ಇಪ್ಪತ್ತು ದಿನ ಸುಡುಬಿಸಿಲಲ್ಲಿ ಕೆಸರು ತುಳಿದ. ಹೊಟ್ಟೆಯೂ ಕರಗಿತು, ಸೊಕ್ಕೂ ಕರಗಿತು.

ಕೆಲಸ ಶುರುವಾಗಿ ವಾರ ಕಳೆಯುವಷ್ಟರಲ್ಲೇ ಮೊದಲ ಉಪ್ಪು ಬಂತು, ಕಡಲಿನಿಂದ ಮೀನೂ ಬಂತು. ಮಗುಚಲು ಕೊಕ್ಕು ಸಾಲಲಿಲ್ಲ. ಮಂಕಾಳಿ ಪಾತಿಯನ್ನು ಉಳಿದವರಿಗೆ ವಹಿಸಿ ತೆಂಕಣ ದಡಕ್ಕೆ ಹೊರಟಳು. "ಯಾರಾದರೂ ಹಾರಿಹೋಗಿ ಹೇಳುತ್ತಾರೆ, ನೀನ್ಯಾಕೆ ಅಕ್ಕಾ?" ಎಂದು ಜಟ್ಟಪ್ಪ ಕೇಳಿದ. "ನಾನೇ ಹೋಗಬೇಕು," ಎಂದಳು.

ಮೂರು ದಿನ ಮರಳಲ್ಲಿ ನಡೆದಳು. ಲಚ್ಚಿ ಗುರುತು ಪರಿಚಯವಿಲ್ಲದ ದಡದಲ್ಲಿ ಮರಿಗಳೊಂದಿಗೆ ಸುಮ್ಮನೆ ನಿಂತಿದ್ದಳು. ಮಂಕಾಳಿ ನಡೆದದ್ದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿದಳು.

"ತಪ್ಪಾಯಿತು ಕಣೇ. ಕೆಲಸ ಶುರುವಾಗಿದೆ. ಬಾ."

ಲಚ್ಚಿ ಅವಳ ಸವೆದ ಉಗುರುಗಳನ್ನೇ ನೋಡಿದಳು. "ಇಷ್ಟು ದೂರ ನಡೆದೇ ಬಂದೆಯಾ?" ಎಂದಳು.

ಮರಿಗಳು ಖುಷಿಯಿಂದ ಹಾರಿ ಮುಂದೆ ಹೋದವು. ಲಚ್ಚಿ ಮಾತ್ರ ರೆಕ್ಕೆ ಬಿಚ್ಚಲಿಲ್ಲ. ಊರು ಮುಟ್ಟುವವರೆಗೂ ಆಮೆಯ ಪಕ್ಕದಲ್ಲೇ, ಅವಳ ಹೆಜ್ಜೆಗೆ ಹೆಜ್ಜೆ ಹಾಕುತ್ತ ನಡೆದಳು.

ನೀತಿ: ಒಬ್ಬರ ದುಡಿಮೆಯ ಮೇಲೆ ಹತ್ತು ಜನರ ಅನ್ನ ನಿಂತಿರುತ್ತದೆ. ಯಾರ ಕೆಲಸವನ್ನೂ ಕಡೆಗಣಿಸಬೇಡಿ. ನಿಮ್ಮನ್ನು ಹೊಗಳುತ್ತ ನಿಮ್ಮವರಿಂದ ದೂರ ಮಾಡುವವರನ್ನು ನಂಬಬೇಡಿ.