ಮಲಗಿದಮ್ಮನ ಗುಡ್ಡ

ಕರಿಕೋಟೆಯ ಊರು ದಾಟಿ ಹೊಳೆಯ ಕಡೆ ನಡೆದರೆ ಎಡಕ್ಕೆ ಕಾಣುವ ಬೋಳು ಬಂಡೆಗಳ ಗುಡ್ಡವೇ ಮಲಗಿದಮ್ಮನ ಗುಡ್ಡ. ಹತ್ತುವುದು ಕಷ್ಟವೇನಲ್ಲ ಎಂದು ಊರವರು ಹೇಳುತ್ತಾರೆ, ಹೇಳುವವರು ಹತ್ತುವುದಿಲ್ಲ. ಹತ್ತುವವಳು ನಾನು, ನನಗಿಂತ ಮುಂಚೆ ನಮ್ಮ ಅತ್ತೆ, ಅವರಿಗಿಂತ ಮುಂಚೆ ಅವರತ್ತೆ. ಇಲ್ಲಿಯ ಪೂಜೆ ನಮ್ಮ ಮನೆಯ ಹೆಂಗಸರದು. ಮೇಲೆ ಗಾಳಿ ಬೀಸುವ ಕಲ್ಲಿನ ಮಂಟಪ, ಅದರೊಳಗೆ ಬಲಮಗ್ಗುಲಾಗಿ ಮಲಗಿದ ಹೆಂಗಸಿನ ಮೂರ್ತಿ. ಮೊಣಕೈ ತಲೆದಿಂಬು, ಪಕ್ಕದಲ್ಲಿ ಬಿಚ್ಚಿಟ್ಟ ಚಪ್ಪಲಿ. ಬಂದವರೆಲ್ಲ ಮೊದಲು ಕೇಳುವುದು ಒಂದೇ ಮಾತು: ಯುದ್ಧ ಮಾಡಿದ ರಾಣಿ ಎಂದರಲ್ಲ, ಕುದುರೆ ಎಲ್ಲಿ, ಕತ್ತಿ ಎಲ್ಲಿ? ಉತ್ತರ ಹೇಳಿ ಹೇಳಿ ನನ್ನ ಬಾಯಿ ಸೋತಿದೆ. ಗಂಟೆ ಯಾಕಿಲ್ಲ ಎಂದು ಕೆಲವರು ಕೇಳುತ್ತಾರೆ. ಇಲ್ಲಿ ಗಂಟೆ ಕಟ್ಟುವುದಿಲ್ಲ, ಬೆಳಗಿನ ಹಾಡು ಹೇಳಿ ದೇವಿಯನ್ನು ಎಬ್ಬಿಸುವುದಿಲ್ಲ, ಮದುವೆಯ ದಿಬ್ಬಣದ ಡೊಳ್ಳಿನವರೂ ಗುಡ್ಡದ ಬುಡದಲ್ಲಿ ಡೊಳ್ಳನ್ನು ಹೆಗಲಿನಿಂದ ಇಳಿಸಿ ಸದ್ದಿಲ್ಲದೆ ಹಾದುಹೋಗುತ್ತಾರೆ.

ಹಿಂದೆ ಒಮ್ಮೆ ಇದಕ್ಕೆ ಭೇರಿಗುಡ್ಡ ಎಂಬ ಹೆಸರಿತ್ತು. ಈಗಿನ ಮಂಟಪದಲ್ಲಿ ಆಗ ಆಳೆತ್ತರದ ರಣಭೇರಿ ಇತ್ತಂತೆ. ಹೊಳೆಯಾಚೆ ಶತ್ರುವಿನ ಧೂಳು ಎದ್ದರೆ ಭೇರಿ ಬಡಿಯಬೇಕು. ಭೇರಿ ಕೇಳಿದರೆ ನಾಡನ್ನು ಆಳುವವರು ಎಲ್ಲರಿಗಿಂತ ಮೊದಲು ಕೋಟೆಯ ಬಾಗಿಲು ದಾಟಬೇಕು. ಅವರು ದಾಟದೆ ಒಬ್ಬ ಆಳೂ ಕದಲುವಂತಿಲ್ಲ. ಇದು ಕರಿಕೋಟೆಯ ಕಟ್ಟಳೆ. ಈ ಕಟ್ಟಳೆಯಂತೆ ಮುಂದೆ ಹೋದ ದೊರೆ ಒಂದು ಮಧ್ಯಾಹ್ನ ಹೆಣವಾಗಿ ಬಂದ. ಮಕ್ಕಳಿರಲಿಲ್ಲ. ಅವನ ಹೆಂಡತಿ ಹೊನ್ನಲದೇವಿ ಇನ್ನೂ ಅಳುತ್ತಿರುವಾಗಲೇ ಭೇರಿ ಮತ್ತೆ ಬಡಿಯಿತು. ನೀನು ಹೋಗು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲವಂತೆ. ಸುಮ್ಮನೆ ಕುದುರೆ ತಂದು ಅಂಗಳದಲ್ಲಿ ನಿಲ್ಲಿಸಿ, ಎಲ್ಲರೂ ಅವಳ ಮುಖ ನೋಡುತ್ತಾ ನಿಂತರು. ಅವಳು ಕಣ್ಣೊರೆಸಿಕೊಂಡು ಹತ್ತಿದಳು.

ಅಂದು ಗೆದ್ದಳು. ಗೆದ್ದದ್ದೇ ತಪ್ಪಾಯಿತು ಎನ್ನುತ್ತಿದ್ದರು ನಮ್ಮತ್ತೆ. ಅಲ್ಲಿಂದಾಚೆಗೆ ಸುಗ್ಗಿ ಮುಗಿದು ಕಣ ತುಂಬಿತೆಂದರೆ ಬಡಗಣ ದೊರೆಯ ದಂಡು ಹೊಳೆ ದಾಟುವುದು, ಭೇರಿ ಬಡಿಯುವುದು, ಅವಳು ಏಳುವುದು. ಊರವರು ಅವಳನ್ನು ಹಾಡಿ ಹೊಗಳಿದರು, ಸಾಕ್ಷಾತ್ ದುರ್ಗೆ ಎಂದರು, ಕಾಲಿಗೆ ಬಿದ್ದರು. ಕೂತು ಉಂಡೆಯಾ ತಾಯಿ ಎಂದು ಕೇಳಿದವರು ಮಾತ್ರ ಇಲ್ಲ. ಕವಚ ಉಜ್ಜಿ ಉಜ್ಜಿ ಅವಳ ಹೆಗಲಿನ ಚರ್ಮ ಎತ್ತಿನ ಹೆಗಲಿನಂತೆ ಗಟ್ಟಿಯಾಗಿತ್ತು. ಮಲಗಿದರೆ ಕಣ್ಣಿಗೆ ನಿದ್ದೆ ಹತ್ತುತ್ತಿರಲಿಲ್ಲ. ಗುಡುಗಿದರೂ ಭೇರಿ ಎಂದುಕೊಂಡು ಎದ್ದು ಕೂರುತ್ತಿದ್ದಳು. ಅವಳ ಬೆನ್ನಿಗೆ ಎಣ್ಣೆ ತಿಕ್ಕಿ ಗಾಯ ತೊಳೆಯುತ್ತಿದ್ದವಳು ಕೆಂಚವ್ವ ಒಬ್ಬಳೇ. ಹೊನ್ನಲದೇವಿಗೆ ಎದೆಹಾಲು ಕೊಟ್ಟು ಬೆಳೆಸಿದ ದಾದಿ ಅವಳು. ಅದೇ ಹಾಲು ಕುಡಿದ ಅವಳ ಸ್ವಂತ ಮಗ ಚೌಡ ಗುಡ್ಡದ ಮೇಲೆ ಭೇರಿ ಬಡಿಯುವವನಾಗಿದ್ದ. ಒಬ್ಬಳು ಏಳಬೇಕು, ಇನ್ನೊಬ್ಬ ಎಬ್ಬಿಸಬೇಕು. ಇಬ್ಬರೂ ಕೆಂಚವ್ವನ ಮಕ್ಕಳೇ.

ಹೀಗಿರಲು ಒಂದು ಸಲ ರಾಣಿ ದೊಡ್ಡ ಕಾಳಗ ಮುಗಿಸಿ ಬಂದವಳು ಕೋಟೆಯೊಳಗೆ ಹೋಗಲೇ ಇಲ್ಲ. ಆರತಿ ಹಿಡಿದು ನಿಂತವರನ್ನು ಹಾಗೇ ಬಿಟ್ಟು, ಕುದುರೆಯಿಳಿದು ಈ ಗುಡ್ಡ ಹತ್ತಿದಳು. ಕೆಂಚವ್ವ ಏದುಸಿರು ಬಿಡುತ್ತಾ ಹಿಂದೆಯೇ ಬಂದಳು. ಮಂಟಪದ ತಂಪು ಕಲ್ಲಿನ ಮೇಲೆ ರಾಣಿ ಚಪ್ಪಲಿ ಬಿಚ್ಚಿದಳು, ಕವಚ ಬಿಚ್ಚಿದಳು, ಮುದುಕಿಯ ಕೈ ಹಿಡಿದುಕೊಂಡಳು. "ಯವ್ವಾ, ಸಾಕಾಗೈತಿ. ನಾನಾಗೇ ಏಳೂ ತನಕ ನನ್ನ ಯಾರೂ ಎಬ್ಬಿಸಬಾರದು. ನನ್ನಾಣಿ ಮಾಡು." ಕೆಂಚವ್ವ ಅವಳ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿದಳು. ಏನು ಕೇಳಿದ್ದಳು ಪಾಪ, ಆನೆ ಕೇಳಿದಳೇ, ಅಂಬಾರಿ ಕೇಳಿದಳೇ? ಕೂಲಿಯ ಆಳಿಗೂ ಸಿಗುವ ಒಂದು ನಿದ್ದೆ.

ಬೆಳಗಾಯಿತು. ರಾಣಿ ಮಿಸುಕಾಡಲಿಲ್ಲ. ಬಿಸಿಲೇರುವ ಹೊತ್ತಿಗೆ ಹೊಳೆಯಾಚೆ ಧೂಳು ಎದ್ದಿತು. ನಿನ್ನೆ ಸೋತು ಓಡಿದವರೇ, ದಣಿದು ಬಿದ್ದಿರುವ ಊರನ್ನು ಹಿಡಿಯಬಹುದೆಂದು ತಿರುಗಿ ಬಂದಿದ್ದರು. ಚೌಡ ಬಡಿಗೋಲು ಎತ್ತಿಕೊಂಡ. ಕೆಂಚವ್ವ ಭೇರಿಗೆ ಬೆನ್ನು ಕೊಟ್ಟು ಅಡ್ಡ ನಿಂತಳು.

"ಯವ್ವಾ, ಆ ಕಡಿ ಸರಿ. ಧೂಳ ಏಳಾಕತ್ತೈತಿ ನೋಡು. ಬಡೀಲಿಲ್ಲಂದ್ರ ಊರು ಉಳಿಯೂದಿಲ್ಲ."

"ಆಣಿ ಮಾಡೀನೋ. ಈಗರ ಕಣ್ಣು ಮುಚ್ಚ್ಯಾಳ ಮಗಳು. ಮಾರಿ ನೋಡು, ಸಣ್ಣಾಕಿ ಇದ್ದಾಗ ಹಿಂಗ ಮಲಗತಿದ್ಲು."

"ಹಂಗಾದ್ರ ಮುಂದ ಯಾರು ಹೋಗಬೇಕು?"

ಕೆಂಚವ್ವ ಮಗನ ಕೈಯಿಂದ ಬಡಿಗೋಲು ಕಿತ್ತುಕೊಂಡಳು, ಅಷ್ಟೇ. ಚೌಡ ಮಲಗಿದವಳ ಮುಖವನ್ನೊಮ್ಮೆ, ತಾಯಿಯ ಮುಖವನ್ನೊಮ್ಮೆ ನೋಡಿದ. ಕಾಲಿನ ಸಪ್ಪಳವಾಗದಂತೆ ಮೆಟ್ಟಿಲಿಳಿದ. ಕರೆದು ನಿಲ್ಲಿಸಬಹುದಿತ್ತು, ಕರೆದರೆ ಮಗಳು ಎಚ್ಚರಾಗುತ್ತಾಳೆ.

ಊರೊಳಗೆ ಚೌಡ ಮನೆಮನೆಯ ಬಾಗಿಲು ತಟ್ಟಿದ. ರಾಣಿ ಎಲ್ಲಿ ಎಂದರು. ಮಲಗ್ಯಾಳ ಎಂದ. ಯುದ್ಧದ ಹೊತ್ತಿನಲ್ಲಿ ಮಲಗುವುದೇ ಎಂದು ಕೆಲವರು ಬಾಯಿಗೆ ಬಂದಂತೆ ಬೈದರು, ಕಟ್ಟಳೆ ಮುರಿಯಬಾರದು ಎಂದು ಹಿರಿಯರು ಕೈಕಟ್ಟಿ ಕೂತರು. "ನೀವು ಕಟ್ಟಳಿ ಕಾಯಕೋಂತ ಕುಂದರ್‍ರಿ, ನಾ ಹೊಂಟೆ" ಎಂದು ಭರ್ಜಿ ಹಿಡಿದು ಅವನೊಬ್ಬನೇ ಬಾಗಿಲು ದಾಟಿದ. ಒಬ್ಬನೇ ಹೋಗುವುದನ್ನು ಎಷ್ಟು ಹೊತ್ತು ನೋಡುತ್ತಾರೆ? ಒಬ್ಬೊಬ್ಬರಾಗಿ ಎದ್ದರು, ಆಮೇಲೆ ಊರೇ ಎದ್ದಿತು. ಹೊಳೆ ದಾಟುವ ಕಡೆ ನೀರಿಗಿಳಿದು ಸಂಜೆಯ ತನಕ ತಡೆದು ನಿಂತರು. ಭೇರಿಯ ಸದ್ದಿಲ್ಲದ ಊರು ನಿದ್ದೆಯಲ್ಲಿದೆ ಎಂದುಕೊಂಡು ಬಂದ ದಂಡು, ನೀರಿನಲ್ಲೇ ಪೆಟ್ಟು ತಿಂದು ಹಿಂದಕ್ಕೆ ಹೋಯಿತು ಎನ್ನುತ್ತಾರೆ.

ದೀಪ ಹಚ್ಚುವ ಹೊತ್ತಿಗೆ ಹೊನ್ನಲದೇವಿ ತಾನಾಗಿ ಎದ್ದಳು. ಗಾಯಗೊಂಡ ಗಂಡಸರು ಮಂಟಪದ ಮುಂದೆ ತಲೆ ತಗ್ಗಿಸಿ ನಿಂತಿದ್ದರು. ನಡೆದದ್ದೆಲ್ಲ ಕೇಳಿದಳು. "ಮುಂದ ಯಾರು ಹೋದ್ರು?" ಚೌಡ ಎಂದರು. "ಎಲ್ಲಿ ಅಂವ?" ಅವರು ಹೊಳೆಯ ಕಡೆ ನೋಡಿದರು. ಹೊಳೆ ಅವನನ್ನು ಎಳೆದುಕೊಂಡು ಹೋಗಿತ್ತು, ಹುಡುಕಿದರೂ ಸಿಕ್ಕಿರಲಿಲ್ಲ. ರಾಣಿ ಆ ಗಂಡಸರಿಗೆ, "ನಾನಿಲ್ಲದಿದ್ರೂ ನಿಮ್ಮ ಕೈಲಿ ಆಗತಿತ್ತು. ಮತ್ತ ಇಷ್ಟು ವರ್ಷ ನನ್ನ ಯಾಕ ಎಬ್ಬಿಸಿದ್ರಿ?" ಎಂದಳು. ಆಮೇಲೆ ಕೆಂಚವ್ವನ ಕಡೆ ತಿರುಗಿದಳು. "ಇವತ್ತೊಂದಿನ ನನ್ನ ಯಾಕ ಎಬ್ಬಿಸಲಿಲ್ಲ, ಯವ್ವಾ?"

"ನಿದ್ದಿ ಮಾಡಾಕತ್ತಿದ್ದೆಲ್ಲ ಮಗಳ" ಎಂದಳು ಮುದುಕಿ.

ರಾಣಿ ಕತ್ತಿ ಹಿರಿದದ್ದು ಅದೇ ಕೊನೆ. ಭೇರಿಯ ಚರ್ಮವನ್ನು ಸೀಳಿಹಾಕಿ, ಇನ್ನು ಯಾರನ್ನೂ ಒಬ್ಬರನ್ನೇ ಮುಂದೆ ಕಳಿಸಬೇಡಿ ಎಂದು ಹೇಳಿ, ಆ ಕತ್ತಿಯನ್ನು ಹೊಳೆಗೆ ಎಸೆದಳು. ಕೋಟೆಗೆ ಮರಳಲಿಲ್ಲ. ಉಳಿದ ಆಯುಷ್ಯವನ್ನೆಲ್ಲ ಇಲ್ಲೇ ಕೆಂಚವ್ವನಿಗೆ ನೀರು ಹೊತ್ತು, ಗಂಜಿ ಕಾಸಿ ಕೊಡುತ್ತಾ ಕಳೆದಳು ಎನ್ನುತ್ತಾರೆ. ರಾಣಿ ಸತ್ತ ಮೇಲೆ ಊರವರು ಮಲಗಿದ ಮೂರ್ತಿಯನ್ನೇ ಕಡೆಸಿದರು. ಗುಡ್ಡಕ್ಕೆ ಈ ಹೆಸರು ಬಂತು.

ಭೇರಿ ಕೂರಿಸಿದ್ದ ಬಂಡೆಯ ಗುಂಡನೆಯ ಕುಳಿ ಇಂದಿಗೂ ಇದೆ, ಮಳೆಗಾಲದಲ್ಲಿ ಅದರಲ್ಲಿ ನೀರು ನಿಲ್ಲುತ್ತದೆ. ಮೆಟ್ಟಿಲಿನ ತಲೆಯಲ್ಲಿ, ಮಡಿಲಲ್ಲಿ ಎರಡು ಬಡಿಗೋಲು ಇಟ್ಟುಕೊಂಡು ಕೂತ ಮುದುಕಿಯ ಚಿಕ್ಕ ಮೂರ್ತಿಯೂ ಇದೆ. ನೋಡಲು ಬಂದವರು ರಾಣಿಯ ಕಾವಲಿಗೆ ಕೂತವಳು ಎಂದುಕೊಳ್ಳುತ್ತಾರೆ. ಕಾವಲಿನವಳಾದರೆ ಸುತ್ತ ನಾಲ್ಕೂ ಕಡೆ ನೋಡಬೇಡವೇ? ಅವಳ ಮುಖ ಹೊಳೆಯ ದಾರಿಯ ಕಡೆಗಿದೆ. ಅದಕ್ಕೇ ಗುಡ್ಡ ಇಳಿಯುವವರು ಅವಳ ಮುಂದೆ ಒಂದು ಗಳಿಗೆ ನಿಂತು "ಬರ್ತಾನ ಬಿಡಬೇ ಯವ್ವಾ" ಎಂದು ಹೇಳಿ ಇಳಿಯುವ ಪದ್ಧತಿ. ನಾನೂ ದಿನವೂ ದೀಪವಿಟ್ಟು ಇಳಿಯುವಾಗ ಹೇಳುತ್ತೇನೆ. ಮೆಲ್ಲಗೆ ಹೇಳುತ್ತೇನೆ, ಒಳಗೆ ಮಲಗಿದವಳಿಗೆ ಕೇಳಿಸಬಾರದು.